ಕೊಡಗಿನ ತೋಟದ ಮನೆಯಲ್ಲಿ ಎಂಟು ಜನ, ಒಂದು ದಿನ: ಹಕ್ಕಿ ಬಿಡಾರ ನಡೆಸುವ ಸಮಗ್ರ ಮಾರ್ಗದರ್ಶಿ

ಹಕ್ಕಿ ನೋಡುವುದು ಒಬ್ಬರೇ ಮಾಡುವ ಕೆಲಸ ಅಂತ ನಾನು ತುಂಬಾ ದಿನ ಅಂದುಕೊಂಡಿದ್ದೆ. ಬೆಳಗ್ಗೆ ಎದ್ದು, ಕುತ್ತಿಗೆಗೆ ಬೈನಾಕ್ಯುಲರ್ ಹಾಕಿಕೊಂಡು, ತೋಟದಲ್ಲಿ ಒಂದು ಸುತ್ತು ಹೊಡೆದು, ತಿಂಡಿಗೆ ಮನೆಗೆ ಬಂದರೆ ಮುಗಿಯಿತು. ಏನು ಕಂಡೆ ಅಂತ ಕೇಳುವವರಿಲ್ಲ. ಕಂಡಿದ್ದು ನಿಜವಾ ಅಂತ ಕೇಳುವವರಂತೂ ಇಲ್ಲವೇ ಇಲ್ಲ.

ಆಮೇಲೆ ಗೆಳೆಯನೊಬ್ಬ ಸಮುದ್ರತೀರದ ಒಂದು ಪಕ್ಷಿ ವೀಕ್ಷಣಾ ಕೇಂದ್ರದಲ್ಲಿ ಎರಡು ವಾರ ಇದ್ದು ಬಂದ. ಅವನು ಹಕ್ಕಿಗಳಿಗಿಂತ ಜಾಸ್ತಿ ಅಲ್ಲಿನ ಅಡುಗೆಮನೆಯ ಬಗ್ಗೆ ಮಾತಾಡಿದ. ಬೆಳಗ್ಗೆ ಹಕ್ಕಿ ಎಣಿಸಿದವರೇ ಮಧ್ಯಾಹ್ನ ಪಾತ್ರೆ ತೊಳೆಯಬೇಕು. ರಾತ್ರಿ ಊಟ ಆದಮೇಲೆ ಎಲ್ಲರೂ ಮೇಜಿನ ಸುತ್ತ ಕೂರಬೇಕು. ಒಬ್ಬರು ಒಂದೊಂದೇ ಹಕ್ಕಿಯ ಹೆಸರು ಕೂಗುತ್ತಾರೆ, ಉಳಿದವರು ತಮ್ಮ ತಮ್ಮ ಲೆಕ್ಕ ಹೇಳುತ್ತಾರೆ. ಶಾಲೆಯ ಹಾಜರಿ ಇದ್ದ ಹಾಗೆ. ಇದು ಹಳೇ ರೂಢಿ. ಬ್ರಿಟನ್ನಿನ ಮೊದಲ ಪಕ್ಷಿ ವೀಕ್ಷಣಾ ಕೇಂದ್ರ ವೇಲ್ಸ್ ತೀರದ ಸ್ಕೋಕ್‌ಹೋಮ್ ಎಂಬ ಪುಟ್ಟ ದ್ವೀಪದಲ್ಲಿ 1933ರಲ್ಲಿ ಶುರುವಾಯಿತು. ಸುತ್ತ ನೀರಿರುವ ಅಂಥ ಜಾಗದಲ್ಲಿ ಜೊತೆಗೆ ಬಾಳದೆ ಬೇರೆ ದಾರಿ ಇಲ್ಲ ಅಲ್ವಾ.

ನಮಗೆ ಸಮುದ್ರ ಇಲ್ಲ. ಕಾಫಿ ತೋಟ ಇದೆ, ಮಂಜಿದೆ, ಮೊಬೈಲ್ ಸಿಗ್ನಲ್ ಸಿಗದ ಮನೆಗಳಿವೆ. ಅಷ್ಟು ಸಾಕು. ಕೆಲವು ವರ್ಷಗಳಿಂದ ನಾವು ದಕ್ಷಿಣ ಕೊಡಗಿನ ತೋಟದ ಮನೆಗಳಲ್ಲಿ ಹೀಗೆ ಬಿಡಾರ ಹೂಡುತ್ತಿದ್ದೇವೆ. ಎಡವಿ ಕಲಿತದ್ದೇ ಜಾಸ್ತಿ. ನೀವು ಅಷ್ಟು ಎಡವಬೇಕಿಲ್ಲ ಅಂತ ಬರೆಯುತ್ತಿದ್ದೇನೆ.

ಮೊದಲು ತಿಂಗಳು ಗೊತ್ತು ಮಾಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮಳೆಯಲ್ಲಿ ಬೈನಾಕ್ಯುಲರ್ ಒರೆಸುವುದರಲ್ಲೇ ದಿನ ಕಳೆಯುತ್ತದೆ. ಮೊದಲ ಬಿಡಾರಕ್ಕೆ ನವೆಂಬರ್ ಕೊನೆಯಿಂದ ಮಾರ್ಚ್ ಒಳಗೆ ಬನ್ನಿ. ಚಳಿಗಾಲದ ವಲಸೆ ಹಕ್ಕಿಗಳು ಆಗ ಇಲ್ಲೇ ಇರುತ್ತವೆ. ನನ್ನ ಆಯ್ಕೆ ಫೆಬ್ರವರಿ. ಹಾಲುವಾಣದ ಮರಗಳಲ್ಲಿ ಕೆಂಪು ಹೂವಿರುತ್ತದೆ. ಅದರ ಕೆಳಗೆ ಒಂದು ಗಂಟೆ ನಿಂತರೆ ಹಕ್ಕಿಗಳೇ ನಿಮ್ಮನ್ನು ಹುಡುಕಿಕೊಂಡು ಬರುತ್ತವೆ. ಜಗತ್ತಿನಾದ್ಯಂತ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಎಣಿಕೆ ಕೂಡ ಫೆಬ್ರವರಿ ಮಧ್ಯದಲ್ಲೇ ನಾಲ್ಕು ದಿನ ನಡೆಯುತ್ತದೆ. ನಿಮ್ಮ ಎಣಿಕೆ ಅದಕ್ಕೂ ಸೇರುತ್ತದೆ.

ಎರಡು ಎಚ್ಚರಿಕೆ. ಹುತ್ತರಿಯ ದಿನಗಳಲ್ಲಿ ಮನೆ ಕೇಳಬೇಡಿ. ಕೊಡವರ ಮನೆಗಳಲ್ಲಿ ಅದು ಕದಿರು ತೆಗೆಯುವ ಹಬ್ಬ, ನೆಂಟರಿಂದ ಮನೆ ತುಂಬಿರುತ್ತದೆ. ಕೋವಿಯ ಸದ್ದಿಗೆ ನಿಮ್ಮ ಹಕ್ಕಿಗಳೂ ಹಾರಿ ಹೋಗುತ್ತವೆ. ಇನ್ನೊಂದು, ಕಾಫಿ ಕೊಯ್ಲು. ಅರೇಬಿಕಾ ಜನವರಿಯ ಹೊತ್ತಿಗೆ ಮುಗಿಯುತ್ತಾ ಬಂದರೆ ರೋಬಸ್ಟಾ ಕೊಯ್ಲು ಶುರುವಾಗುತ್ತದೆ. ಕೊಯ್ಲು ನಡೆಯುವ ಸಾಲಿಗೆ ನುಗ್ಗಬೇಡಿ. ಅಲ್ಲಿ ಏಣಿ ಇರುತ್ತದೆ, ಚೀಲ ಇರುತ್ತದೆ, ಕೆಲಸದವರು ತೂಕದ ಲೆಕ್ಕದಲ್ಲಿ ಇರುತ್ತಾರೆ.

ಮನೆ ಹುಡುಕುವಾಗ ಕೇಳಬೇಕಾದ್ದು

ಈಜುಕೊಳ, ಕ್ಯಾಂಪ್‌ಫೈರ್, ಸ್ಪೀಕರ್ ಇರುವ ರೆಸಾರ್ಟ್ ಬೇಡ. ತೋಟದ ನಡುವಿನ ಹಳೇ ಮನೆ ಅಥವಾ ಸಣ್ಣ ಹೋಂಸ್ಟೇ ನೋಡಿ. ಫೋನ್ ಮಾಡಿದಾಗ ರೂಮ್ ಬಗ್ಗೆ ಕೇಳುವ ಮೊದಲು ಮರಗಳ ಬಗ್ಗೆ ಕೇಳಿ. ಬರೀ ಸಿಲ್ವರ್ ಓಕ್ ಇರುವ ತೋಟಕ್ಕಿಂತ ಅತ್ತಿ, ಬಸರಿ, ಹಲಸು, ನಂದಿ, ಬೀಟೆ ಉಳಿಸಿಕೊಂಡ ತೋಟದಲ್ಲಿ ಹಕ್ಕಿ ಜಾಸ್ತಿ. ಅತ್ತಿ ಹಣ್ಣಾಗಿದ್ದರೆ ಮಂಗಟ್ಟೆ (ಹಾರ್ನ್‌ಬಿಲ್), ಕುಟುರ (ಬಾರ್ಬೆಟ್), ಹಸಿರು ಪಾರಿವಾಳ ಎಲ್ಲವೂ ಒಂದೇ ಮರಕ್ಕೆ ಬರುತ್ತವೆ. ಹತ್ತಿರ ಗದ್ದೆ, ಕೆರೆ ಇದೆಯಾ? ದೇವರಕಾಡು ಇದೆಯಾ? ಕೊಡಗಿನಲ್ಲಿ 1,200ಕ್ಕೂ ಜಾಸ್ತಿ ದೇವರಕಾಡುಗಳಿವೆ. ಅದರ ಅಂಚಿನ ದಾರಿಯಲ್ಲಿ ನಿಂತು ನೋಡಿದರೆ ಸಾಕು. ಒಳಗೆ ಹೋಗಲು ಊರಿನವರನ್ನು ಕೇಳಲೇಬೇಕು, ಬೇಡ ಅಂದರೆ ಬೇಡ.

ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಧಾಮಗಳ ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಒಂದು ದಿನದ ಬಿಡಾರಕ್ಕೆ ಆ ಓಡಾಟ ಬೇಡ ಅನ್ನುವುದು ನನ್ನ ಅಭಿಪ್ರಾಯ. ತೋಟದಲ್ಲೇ ಕಣ್ಣು ತುಂಬುವಷ್ಟು ಸಿಗುತ್ತದೆ.

ಕೊನೆಯದಾಗಿ ಆನೆ. "ಈಗ ಆನೆ ಓಡಾಟ ಹೇಗಿದೆ?" ಅಂತ ನೇರವಾಗಿ ಕೇಳಿ. ಮಾಲೀಕರು ನಗುತ್ತಾ "ಇದೆ ಇದೆ" ಅಂದರೆ ಅದನ್ನು ತಮಾಷೆ ಅಂದುಕೊಳ್ಳಬೇಡಿ.

ಜನ, ಕೆಲಸ, ದುಡ್ಡು

ಆರರಿಂದ ಎಂಟು ಜನ ಸರಿ. ಹತ್ತು ದಾಟಿದರೆ ಅದು ಮದುವೆ ದಿಬ್ಬಣ. ಗುಂಪಿನಲ್ಲಿ ಇಬ್ಬರಿಗಾದರೂ ಹಕ್ಕಿ ಚೆನ್ನಾಗಿ ಗೊತ್ತಿರಬೇಕು, ಇಬ್ಬರಾದರೂ ಹೊಸಬರು ಇರಬೇಕು. ಹೊಸಬರು ಕೇಳುವ "ಅದು ಯಾಕೆ ಕಾಗೆ ಅಲ್ಲ?" ಎಂಬ ಪ್ರಶ್ನೆಗೆ ಉತ್ತರ ಕೊಡಲು ಹೋದಾಗಲೇ ಹಳಬರ ಸೋಮಾರಿತನ ಗೊತ್ತಾಗುವುದು.

ಕೆಲಸ ಹಂಚುವಾಗ ಒಂದೇ ನಿಯಮ: ಜೋಡಿ. ಒಂದು ಜೋಡಿ ಬೆಳಗಿನ ಕಾಫಿ, ಒಂದು ಜೋಡಿ ತಿಂಡಿಗೆ ಸಹಾಯ, ಒಂದು ಜೋಡಿ ಪಾತ್ರೆ, ಒಂದು ಜೋಡಿ ಪುಸ್ತಕ. ಪುಸ್ತಕ ಅಂದರೆ ರಾತ್ರಿಯ ಹಾಜರಿ ಬರೆಯುವುದು. ಆದಷ್ಟು ಪ್ರತಿ ಜೋಡಿಯಲ್ಲಿ ಒಬ್ಬ ಹಳಬ, ಒಬ್ಬ ಹೊಸಬ. ಚೀಟಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿ. ಬಾಯಿಮಾತಿನಲ್ಲಿ ಬಿಟ್ಟರೆ ಏನಾಗುತ್ತದೆ ಅಂತ ನನಗೆ ಗೊತ್ತು. ಮೊದಲ ವರ್ಷ ಮನೆಯ ಅಕ್ಕ ಒಬ್ಬರೇ ಎಂಟು ಜನರ ತಟ್ಟೆ ತೊಳೆಯುತ್ತಿದ್ದರು. ನಾವು ಜಗಲಿಯಲ್ಲಿ ಕೂತು ಗಿಡುಗದ ಬಾಲದ ಬಗ್ಗೆ ಚರ್ಚೆ ಮಾಡುತ್ತಿದ್ದೆವು. ಈಗ ನೆನೆದರೂ ನಾಚಿಕೆ.

ದುಡ್ಡು ಮೊದಲೇ ಒಬ್ಬರ ಕೈಗೆ ಕೊಡಿ, ಖರ್ಚು ಬರೆದಿಡಿ. ಗೊರಕೆ ಹೊಡೆಯುವವರು ಮೊದಲೇ ಒಪ್ಪಿಕೊಳ್ಳಿ, ಅವರಿಗೆಲ್ಲ ಒಂದೇ ರೂಮು.

ಚೀಲದಲ್ಲಿ ಏನಿರಬೇಕು

ಮಾಸಲು ಬಣ್ಣದ ಬಟ್ಟೆ, ಸ್ವೆಟರ್, ಟೋಪಿ, ಟಾರ್ಚ್, ನೀರಿನ ಬಾಟಲಿ, ಸಣ್ಣ ನೋಟ್‌ಬುಕ್, ಪೆನ್ಸಿಲ್. ಪೆನ್ ಬೇಡ, ಮಂಜಿನಲ್ಲಿ ಕಾಗದ ಒದ್ದೆಯಾದರೆ ಶಾಯಿ ಹರಡುತ್ತದೆ. ಬೇಸಿಗೆಯಲ್ಲಿ ಜಿಗಣೆ ಕಾಟ ಕಡಿಮೆ. ಆದರೂ ತೊರೆಯ ಪಕ್ಕ ಓಡಾಡುವವರು ಉದ್ದ ಸಾಕ್ಸ್ ಹಾಕಿಕೊಳ್ಳಿ.

ಬೈನಾಕ್ಯುಲರ್ ಕೊಳ್ಳುವುದಾದರೆ 8×42 ಕೊಳ್ಳಿ. 8 ಅಂದರೆ ಎಂಟು ಪಟ್ಟು ಹತ್ತಿರ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಹತ್ತು ಪಟ್ಟಿನದು ಇನ್ನೂ ಒಳ್ಳೆಯದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಕೈ ನಡುಗಿದರೆ ಆ ನಡುಕವೂ ಹತ್ತು ಪಟ್ಟು. ತೋಟದ ನೆರಳಿನಲ್ಲಿ ಬೇಕಾಗಿರುವುದು ಬೆಳಕು ಮತ್ತು ಅಗಲವಾದ ನೋಟ.

ಎಂಟರಲ್ಲಿ ಐದು ಜನ ಬೈನಾಕ್ಯುಲರನ್ನು ತಮ್ಮ ಕಣ್ಣಿಗೆ ಹೊಂದಿಸಿಕೊಂಡಿರುವುದೇ ಇಲ್ಲ. ಬಂದ ಸಂಜೆಯೇ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಇದನ್ನು ಮಾಡಿಸಿ. ಮೊದಲು ಎರಡು ಕೊಳವೆಗಳನ್ನು ಅಗಲಿಸಿ, ಕೂಡಿಸಿ, ಎರಡು ವೃತ್ತ ಸೇರಿ ಒಂದಾಗುವಂತೆ ಮಾಡಿ. ಕನ್ನಡಕ ಇರುವವರು ಕಣ್ಣಿನ ಬಳಿಯ ರಬ್ಬರನ್ನು ಒಳಗೆ ತಿರುಗಿಸಲಿ, ಇಲ್ಲದವರು ಹೊರಗೆ. ಈಗ ಗೇಟಿನ ಬೋರ್ಡ್ ನೋಡಿ. ಬಲಗಡೆಯ ಮುಂದಿನ ಗಾಜನ್ನು ಅಂಗೈಯಿಂದ ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಡೆ ಮುಚ್ಚಿ. ಈ ಸಲ ನಡುವಿನ ಚಕ್ರ ಮುಟ್ಟಬೇಡಿ. ಬಲಗಣ್ಣಿನ ಬಳಿ ಇನ್ನೊಂದು ಸಣ್ಣ ಬಳೆ ಇರುತ್ತದೆ, ಅದನ್ನು ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿ. ಆ ಬಳೆ ಎಲ್ಲಿ ನಿಂತಿತೋ ಅಲ್ಲೇ ಇರಲಿ. ನಾಳೆಯಿಂದ ನಡುವಿನ ಚಕ್ರ ಒಂದೇ ನಿಮ್ಮ ಕೆಲಸ.

ಇನ್ನೊಂದು ಅಭ್ಯಾಸ: ಹಕ್ಕಿ ಕಂಡ ಮೇಲೆ ಕಣ್ಣು ಕೆಳಗಿಳಿಸಬೇಡಿ. ಕಣ್ಣು ಹಕ್ಕಿಯ ಮೇಲೇ ಇರಲಿ, ಬೈನಾಕ್ಯುಲರ್ ಕಣ್ಣಿಗೆ ಬರಲಿ.

ಹಿಂದಿನ ರಾತ್ರಿ

ಕಂಡ ಹಕ್ಕಿಗಳ ಪಟ್ಟಿ ಬರೆದು ಕಳಿಸುವ ಈಬರ್ಡ್ ಆಪ್ ಮೊಬೈಲ್‌ನಲ್ಲಿ ಹಾಕಿಕೊಂಡು, ಸಿಗ್ನಲ್ ಇರುವ ಊರಿನಲ್ಲೇ ನಮ್ಮ ಕಡೆಯ ಹಕ್ಕಿಗಳ ಪ್ಯಾಕ್ ಇಳಿಸಿಕೊಳ್ಳಿ. ಪಟ್ಟಿಯನ್ನು ನೆಟ್‌ವರ್ಕ್ ಇಲ್ಲದೆಯೂ ಬರೆಯಬಹುದು, ಊರಿಗೆ ಬಂದಮೇಲೆ ಕಳಿಸಬಹುದು. ಮರ್ಲಿನ್ ಆಪ್ ಕೂಗು ಕೇಳಿ ಹೆಸರು ಹೇಳುತ್ತದೆ. ಅದನ್ನು ಸುಳಿವು ಅಂತ ಮಾತ್ರ ತಗೊಳ್ಳಿ. ನಮ್ಮ ಭೀಮರಾಜ ಊರಿನ ಎಲ್ಲಾ ಹಕ್ಕಿಗಳ ಅಣಕು ಮಾಡುತ್ತದೆ, ಆಪ್ ಪಾಪ ನಂಬಿಬಿಡುತ್ತದೆ.

ತೋಟದ ರೈಟರ್, ಅಂದರೆ ಅಲ್ಲಿನ ಕೆಲಸ ನೋಡಿಕೊಳ್ಳುವವರ ಹತ್ತಿರ ಮಾತಾಡಿ. ನಾಳೆ ಯಾವ ಕಡೆ ಕೊಯ್ಲು, ಎಲ್ಲಿ ಔಷಧಿ ಹೊಡೆದಿದ್ದಾರೆ, ನಾಯಿ ಎಲ್ಲಿ ಕಟ್ಟಿದ್ದಾರೆ, ಆನೆ ಯಾವ ಕಂಡಿಯಿಂದ ಇಳಿದಿದೆ. ಎರಡು ದಾರಿ ಗೊತ್ತು ಮಾಡಿ, ನಾಲ್ಕು ನಾಲ್ಕು ಜನರ ಎರಡು ತಂಡ. ದಾರಿಗಳು ಆದಷ್ಟು ಒಂದಕ್ಕೊಂದು ಸೇರದಿರಲಿ. ಯಾಕೆ ಅಂತ ರಾತ್ರಿಯ ಹಾಜರಿಯಲ್ಲಿ ಗೊತ್ತಾಗುತ್ತದೆ.

ಬೆಳಗ್ಗೆ

ಫೆಬ್ರವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರೂಮುಕ್ಕಾಲರ ಹೊತ್ತಿಗೆ. ಐದೂವರೆಗೆ ಕಾಫಿ ಜೋಡಿ ಏಳಬೇಕು. ಬೆಲ್ಲದ ಕರಿ ಕಾಫಿ ಸಾಕು, ಹಾಲು ಕಾಯುವ ಕೆಲಸ ಇಲ್ಲ. ನೀರಿಗೆ ಬೆಲ್ಲ ಹಾಕಿ ಕುದಿಸಿ, ಇಳಿಸಿ, ಪುಡಿ ಹಾಕಿ ಮುಚ್ಚಿಡಿ. ಗಸಿ ತಳಕ್ಕೆ ಇಳಿದಮೇಲೆ ಲೋಟಕ್ಕೆ ಬಗ್ಗಿಸಿ.

ಲೋಟ ಹಿಡಿದು ಜಗಲಿಯಲ್ಲೇ ಹದಿನೈದು ನಿಮಿಷ ಸುಮ್ನೆ ನಿಲ್ಲಿ. ಕತ್ತಲಲ್ಲಿ ಮೊದಲು ಕಿವಿಗೆ ಕೆಲಸ. ಕೆಳಗಿನ ಪೊದೆಯಿಂದ ಎರಡು ತುಂಡಿನ ಶಿಳ್ಳೆ ಬಂದರೆ ಅದು ನವರಂಗ. ಉತ್ತರದಿಂದ ಚಳಿಗಾಲಕ್ಕೆ ಬರುವ ಈ ಹಕ್ಕಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಕೂಗುತ್ತದೆ. ತಮಿಳರು ಇದಕ್ಕೆ ಆರುಮಣಿ ಕುರುವಿ ಅಂತಲೇ ಹೆಸರಿಟ್ಟಿದ್ದಾರೆ, ಆರು ಗಂಟೆಯ ಹಕ್ಕಿ. ಮಡಿವಾಳ ಹಕ್ಕಿ, ಕಾಡುಕೋಳಿ, ಆಮೇಲೆ ಕುಟುರ. ಕುಟುರ ಶುರು ಮಾಡಿದ ಮೇಲೆ ಬೇರೆಯವರ ಮಾತು ಕೇಳಿಸುವುದಿಲ್ಲ.

ಬೆಳಕು ಪೂರ್ತಿ ಹರಿದ ಮೇಲೆಯೇ ತೋಟಕ್ಕೆ ಕಾಲಿಡಿ. ಇದು ಆನೆಯ ಕಾರಣಕ್ಕೆ, ಮಾತುಕತೆಗೆ ಜಾಗ ಇಲ್ಲ. ಹಸಿ ಲದ್ದಿ ಕಂಡರೆ, ಕೊಂಬೆ ಮುರಿಯುವ ಸದ್ದು ಕೇಳಿದರೆ, ಬಂದ ದಾರಿಯಲ್ಲೇ ವಾಪಸ್.

ಎಣಿಸುವುದು

ಒಂದು ಗಂಟೆಗೆ ಒಂದು ಪಟ್ಟಿ. ಒಂದೂವರೆ ಕಿಲೋಮೀಟರ್ ನಡೆದರೆ ಸಾಕು. ತಂಡದಲ್ಲಿ ಒಬ್ಬರೇ ಬರೆಯಿರಿ, ಆಮೇಲೆ ಆಪ್‌ನಲ್ಲೇ ಉಳಿದವರಿಗೆ ಹಂಚಿ. ನಾಲ್ಕು ಜನ ನಾಲ್ಕು ಪಟ್ಟಿ ಕಳಿಸಿದರೆ ಒಂದೇ ಗಿಳಿ ನಾಲ್ಕಾಗುತ್ತದೆ. ಕಂಡದ್ದನ್ನೆಲ್ಲ ಬರೆಯಿರಿ. ಕಾಗೆ, ಪಿಕಳಾರ ಬಿಟ್ಟು ಅಪರೂಪದ್ದು ಮಾತ್ರ ಬರೆದರೆ ಆ ಪಟ್ಟಿಯಿಂದ ಯಾರಿಗೂ ಉಪಯೋಗ ಇಲ್ಲ. ಇವತ್ತು ಮೂವತ್ತು ಪಿಕಳಾರ, ಹತ್ತು ವರ್ಷದ ಮೇಲೆ ಮೂರು ಅಂತಾದರೆ ಆಗ ಗೊತ್ತಾಗುತ್ತದೆ ಅದರ ಬೆಲೆ.

ದಾರಿ ತೋರಿಸುವ ಭಾಷೆ ಮೊದಲೇ ಒಪ್ಪಿಕೊಳ್ಳಿ. "ಅಲ್ಲಿ ಅಲ್ಲಿ, ಆ ಮರದಲ್ಲಿ" ಅಂದರೆ ತೋಟದಲ್ಲಿ ಇರುವುದೆಲ್ಲ ಮರವೇ. ಮರದ ಹೆಸರು, ಎತ್ತರ, ಗಡಿಯಾರ, ಈ ಕ್ರಮ. "ಎರಡನೇ ಸಿಲ್ವರ್ ಓಕ್. ಮೆಣಸಿನ ಬಳ್ಳಿ ಮುಗಿಯುವ ಜಾಗ. ಅಲ್ಲಿಂದ ಎರಡು ಗಂಟೆ ಕಡೆಗೆ ಒಣಕೊಂಬೆ." ಇಷ್ಟು ಹೇಳಿದರೆ ಮೊದಲ ಸಲ ಬಂದವರಿಗೂ ಸಿಗುತ್ತದೆ. ಕೈ ಚಾಚಿ ತೋರಿಸಬೇಡಿ, ಕೈ ಎದ್ದರೆ ಹಕ್ಕಿಯೂ ಎದ್ದಿತು.

ಎಂಟೂವರೆಯ ಸುಮಾರಿಗೆ, ಮರದ ತುದಿಗೆ ಬಿಸಿಲು ಬಿದ್ದಾಗ, ಬೇಟೆಗುಂಪು ಬರುತ್ತದೆ. ಹುಳ ಹಿಡಿಯುವ ಹತ್ತಾರು ಜಾತಿ ಹಕ್ಕಿಗಳು ಒಟ್ಟಿಗೆ ಸಾಗುವ ಗುಂಪು ಇದು. ಐದು ನಿಮಿಷದ ಹಿಂದೆ ಒಂದೂ ಇರಲಿಲ್ಲ, ಈಗ ಕಣ್ಣು ಎಲ್ಲಿ ಇಡಬೇಕು ಅಂತ ತಿಳಿಯುವುದಿಲ್ಲ. ಮೇಲೆ ಬೆಂಕಿಕಿಡಿಯ ಹಾಗೆ ಚಿತ್ರಪಕ್ಷಿಗಳು, ಗಂಡು ಕಿತ್ತಳೆ, ಹೆಣ್ಣು ಹಳದಿ. ಕಾಂಡದ ಮೇಲೆ ಮರಕುಟಿಗ ತೊಗಟೆ ಕೆದಕುತ್ತಿರುತ್ತದೆ. ಅದು ಎಬ್ಬಿಸಿದ ಹುಳವನ್ನು ಹಿಂದೆಯೇ ಕೂತ ಭೀಮರಾಜ ಗಾಳಿಯಲ್ಲೇ ಹಿಡಿಯುತ್ತದೆ. ಅದರ ಬಾಲದ ಎರಡು ತಂತಿ, ತುದಿಯ ಎರಡು ಚಮಚ ಹಿಂದೆ ಹಿಂದೆ ಓಡಿಬರುತ್ತವೆ, ಎರಡು ದುಂಬಿ ಅಟ್ಟಿಸಿಕೊಂಡು ಬಂದ ಹಾಗೆ. ಇಲ್ಲಿ ಎಲ್ಲರೂ ಎಲ್ಲವನ್ನೂ ನೋಡಲು ಹೋದರೆ ಯಾರಿಗೂ ಏನೂ ಸಿಗುವುದಿಲ್ಲ. ಅಂತಸ್ತು ಹಂಚಿಕೊಳ್ಳಿ. ಒಬ್ಬರು ಮರದ ತುದಿ, ಒಬ್ಬರು ಕಾಂಡ ಮತ್ತು ನಡುಕೊಂಬೆ, ಒಬ್ಬರು ಕಾಫಿ ಗಿಡದ ಮಟ್ಟ. ನಾಲ್ಕನೆಯವರು ತಲೆ ಎತ್ತದೆ ಬರೆಯಬೇಕು. ಬರೆಯುವವರಿಗೆ ಬೇಜಾರಾಗುತ್ತದೆ, ನಿಜ. ಮುಂದಿನ ಗುಂಪಿಗೆ ಸರದಿ ಬದಲಿಸಿ.

ದೊಡ್ಡ ಹಿಂಡು ಹಾರಿಹೋದರೆ ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತು ನೋಡಿ, ಅಂಥದ್ದು ಎಷ್ಟು ಅಂತ ಲೆಕ್ಕ ಹಾಕಿ. ಎಲೆ ಉಲಿಯಕ್ಕಿ (ಲೀಫ್ ವಾರ್ಬ್ಲರ್) ಎಂಬ ಪುಟ್ಟ ಹಕ್ಕಿಗಳ ವಿಷಯದಲ್ಲಿ ವಿನಯ ಇರಲಿ. ಗ್ರೀನಿಶ್ ಮತ್ತು ಲಾರ್ಜ್‌ಬಿಲ್ಡ್ ಎರಡೂ ಇಲ್ಲಿ ಚಳಿಗಾಲ ಕಳೆಯುತ್ತವೆ, ಎಲೆ ಮರೆಯಲ್ಲಿ ನೋಡಲು ಒಂದೇ ತರಹ. ಕೂಗು ಕೇಳದಿದ್ದರೆ "ಎಲೆ ಉಲಿಯಕ್ಕಿ, ಯಾವುದೋ" ಅಂತ ಬರೆಯಿರಿ. ಅದರಲ್ಲಿ ಅವಮಾನ ಏನಿಲ್ಲ.

ಹಕ್ಕಿಯ ಕೂಗನ್ನು ಮೊಬೈಲ್‌ನಲ್ಲಿ ಹಾಕಿ ಕರೆಯಬೇಡಿ. ಗೂಡಿನ ಫೋಟೋ ಬೇಡ. ಕಪ್ಪೆಬಾಯಿ ಹಕ್ಕಿ ಹಗಲು ಒಣಗಿದ ಎಲೆಯ ಹಾಗೆ ಬಳ್ಳಿಯಲ್ಲಿ ಕೂತಿರುತ್ತದೆ. ರೈಟರ್ ಜಾಗ ತೋರಿಸಿದರೆ ದೂರದಿಂದ ಎರಡು ನಿಮಿಷ ನೋಡಿ, ಬನ್ನಿ. ಜಾಗದ ಗುರುತನ್ನು ಎಲ್ಲೂ ಹಾಕಬೇಡಿ.

ಮಧ್ಯಾಹ್ನ

ಹತ್ತಕ್ಕೆ ತಿಂಡಿ. ಕಡಂಬುಟ್ಟು ಮಾಡುವುದಾದರೆ ಹೊಸಬರೂ ಕೈ ಹಾಕಬಹುದು. ಅಕ್ಕಿ ತರಿ ಬೇಯಿಸಿ, ಬಿಸಿ ಇರುವಾಗಲೇ ಉಂಡೆ ಕಟ್ಟಿ, ಹಬೆಯಲ್ಲಿಡಬೇಕು. ನಮ್ಮ ಉಂಡೆಗಳು ಯಾವತ್ತೂ ಒಂದೇ ಅಳತೆಗೆ ಬಂದಿಲ್ಲ. ತಿಂಡಿ ಆದಮೇಲೆ ಅರ್ಧ ಗಂಟೆ ಕಣದ ಅಂಚಿನಲ್ಲಿ ಕುರ್ಚಿ ಹಾಕಿ ಆಕಾಶ ನೋಡಿ. ನೆಲ ಕಾದು ಗಾಳಿ ಮೇಲೇಳುವ ಹೊತ್ತು, ಪನ್ನಗಾರಿ ಎಂಬ ಹದ್ದು ಕೂಗುತ್ತಾ ಸುತ್ತು ಹಾಕುತ್ತದೆ. ಆಮೇಲೆ ಸ್ನಾನ, ನಿದ್ದೆ. ಬಚ್ಚಲು ಒಂದೇ ಇದ್ದರೆ ಚೀಟಿ ಎತ್ತಿ. ಬಿಸಿನೀರು ತೋಡಿಕೊಂಡವರು ಹಂಡೆಗೆ ನೀರು ತುಂಬಿ, ಒಲೆಗೆ ಸೌದೆ ತಳ್ಳಿ ಬರಬೇಕು.

ನಾಲ್ಕರಿಂದ ಗದ್ದೆ ಬದಿ. ಬೆಳ್ಳಕ್ಕಿ, ಟಿಟ್ಟಿಭ, ಬಾಲ ಕುಣಿಸುವ ಕುಂಡೆಕುಸ್ಕ, ಕೆರೆಯಲ್ಲಿ ನೀರುಕಾಗೆ, ಮಿಂಚುಳ್ಳಿ. ಕತ್ತಲಾಗುವ ಮೊದಲು ಮನೆ.

ರಾತ್ರಿಯ ಹಾಜರಿ

ಇಡೀ ದಿನ ನಡೆದದ್ದು ಇದಕ್ಕಾಗಿ. ಊಟ ಆಗಿ, ಪಾತ್ರೆ ಜೋಡಿಯ ಕೆಲಸ ಮುಗಿದ ಮೇಲೆಯೇ ಶುರು ಮಾಡಿ. ಅವರು ಅಡುಗೆಮನೆಯಲ್ಲಿರುವಾಗ ಪುಸ್ತಕ ತೆರೆಯಬಾರದು.

ಪುಸ್ತಕ ಜೋಡಿಯಲ್ಲಿ ಹಳಬ ಹೆಸರು ಕೂಗಲಿ, ಹೊಸಬ ಬರೆಯಲಿ. ತಂಡಗಳು ಸಂಖ್ಯೆ ಹೇಳಬೇಕು. ಎರಡು ದಾರಿ ಬೇರೆ ಬೇರೆ ಇದ್ದರೆ ಎರಡನ್ನೂ ಕೂಡಿಸಿ. ಎರಡೂ ತಂಡ ಓಡಾಡಿದ ಜಾಗದ ಹಕ್ಕಿಯಾದರೆ ಕೂಡಿಸಬೇಡಿ, ದೊಡ್ಡ ಸಂಖ್ಯೆ ಮಾತ್ರ ಇಟ್ಟುಕೊಳ್ಳಿ. ಬೆಳಗ್ಗೆ ಕಂಡ ಮಂಗಟ್ಟೆಗಳೇ ಸಂಜೆ ವಾಪಸ್ ಹಾರಿದವೋ ಅಂತ ಸಮಯ ಕೇಳಿ. ಈ ಕೂಡು, ಬಿಡು ಮಾತುಕತೆಯಲ್ಲಿ ತೋಟದ ನಕ್ಷೆಯೇ ತಲೆಯಲ್ಲಿ ಮೂಡುತ್ತದೆ.

ಅಪರೂಪದ ಹಕ್ಕಿ ಅಂತ ಯಾರಾದರೂ ಹೇಳಿದರೆ ಪ್ರಶ್ನೆ ಕೇಳುವುದು ಕಡ್ಡಾಯ. ಮುನಿಸಿಕೊಳ್ಳುವಂತಿಲ್ಲ. ಒಂದು ಸಲ ನಾನೇ ಸಿಕ್ಕಿಬಿದ್ದೆ. ಮುಸ್ಸಂಜೆಯಲ್ಲಿ ದೊಡ್ಡ ಮಂಗಟ್ಟೆ, ಅಂದರೆ ಗ್ರೇಟ್ ಹಾರ್ನ್‌ಬಿಲ್, ಹಾರಿದ್ದು ಕಂಡೆ ಅಂತ ಹೇಳಿದೆ. ಎಲ್ಲರ ಕಣ್ಣು ಅರಳಿತು. ಪುಸ್ತಕ ಹಿಡಿದಿದ್ದ ಹುಡುಗಿ, ಅವತ್ತೇ ಮೊದಲ ಬಿಡಾರ ಅವಳಿಗೆ, ಮೆಲ್ಲಗೆ ಕೇಳಿದಳು: "ಅಣ್ಣ, ರೆಕ್ಕೆ ಸದ್ದು ಕೇಳಿಸಿತಾ?" ದೊಡ್ಡ ಮಂಗಟ್ಟೆ ಹಾರಿದರೆ ದೂರಕ್ಕೂ ಉಗಿಬಂಡಿಯ ಹಾಗೆ ಸದ್ದು ಬರುತ್ತದೆ. ಇಲ್ಲ, ಕೇಳಿಸಿರಲಿಲ್ಲ. ಬಾಲ ಬಿಳಿ ಇದ್ದು ನಡುವೆ ಕಪ್ಪು ಪಟ್ಟಿ ಇತ್ತಾ? ಬೆಳಕು ಇರಲಿಲ್ಲ. ಕೊಕ್ಕಿನ ಮೇಲೆ ಹಳದಿ ಟೋಪಿ? ನೋಡಿದೆ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ನಮ್ಮ ತೋಟಗಳಲ್ಲಿ ದಿನವೂ ಕಾಣುವ, ಅದರ ಸುಮಾರು ಅರ್ಧದಷ್ಟು ಉದ್ದದ, ಟೋಪಿ ಇಲ್ಲದ ಮಲಬಾರ್ ಬೂದು ಮಂಗಟ್ಟೆ ಅದು. ಪುಸ್ತಕದಲ್ಲಿ "ಮಂಗಟ್ಟೆ, ಬೂದು, 1" ಅಂತ ಬಿತ್ತು. ಒಬ್ಬನೇ ಇದ್ದಿದ್ದರೆ ಅದು ಇವತ್ತಿಗೂ ನನ್ನ ಪಟ್ಟಿಯಲ್ಲಿ ದೊಡ್ಡ ಮಂಗಟ್ಟೆಯಾಗಿಯೇ ಇರುತ್ತಿತ್ತು.

ಹಾಜರಿಗೆ ಮನೆಯವರನ್ನೂ ಕೂರಿಸಿಕೊಳ್ಳಿ. ನಾವು ಒಂದು ದಿನ ನೋಡಿದ್ದನ್ನು ಅವರು ವರ್ಷಪೂರ್ತಿ ನೋಡಿರುತ್ತಾರೆ. ಅತ್ತಿ ಯಾವಾಗ ಹಣ್ಣಾಯಿತು, ಕಾಡುಕೋಳಿ ಮರಿ ಎಲ್ಲಿ ಓಡಾಡುತ್ತಿತ್ತು, ಇದೆಲ್ಲ ಅವರ ಬಾಯಲ್ಲೇ ಬರಬೇಕು. ಅದನ್ನೂ ಪುಸ್ತಕದ ಅಂಚಿನಲ್ಲಿ ಬರೆಯಿರಿ.

ಹೊರಡುವ ಮೊದಲು

ಹಾಸಿಗೆ ಮಡಚಿ, ಕಸ ನಿಮ್ಮ ಚೀಲದಲ್ಲೇ ವಾಪಸ್ ಒಯ್ಯಿರಿ, ದುಡ್ಡಿನ ಲೆಕ್ಕ ಅಲ್ಲೇ ಮುಗಿಸಿ. ರೈಟರ್‌ಗೆ ಹೇಳಿ ಹೊರಡಿ. ಪಟ್ಟಿಯ ಒಂದು ಪ್ರತಿಯನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಮನೆಯವರಿಗೆ ಕೊಡಿ.

ಹೋದ ವರ್ಷ ಹಾಗೆ ಕೊಟ್ಟ ಹಾಳೆಯನ್ನು ಅಕ್ಕ ಫ್ರಿಜ್ ಬಾಗಿಲಿಗೆ ಅಂಟಿಸಿದ್ದರು. ಈ ಸಲ ಹೋದಾಗ ನೋಡಿದೆ. ನಮ್ಮ 61 ಜಾತಿಗಳ ಕೆಳಗೆ, ಬೇರೆ ಕೈಬರಹದಲ್ಲಿ, ಇನ್ನೂ ಒಂಬತ್ತು ಹೆಸರು ಸೇರಿದ್ದವು.